ಸಲೈನ್ ಹಚ್ಚಿಸುವ ಮೊದಲು ಯಾರನ್ನು ಕೇಳಬೇಕು?

ಆಳಂದ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸ್ತ್ರೀಶಕ್ತಿ ಸಂಘದವರು ಕರೆದಿದ್ದ ಸಭೆಯಲ್ಲಿ ಆಡಿದ ಮಾತು ಇದು. ಆಡಿದ್ದು ನಮ್ಮ ಕಡೆಯ ಭಾಷೆಯಲ್ಲಿ. ಬೇರೆ ಕಡೆಯವರೂ ಓದಲಿ ಅಂತ ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ಕಾಕಾಗಳು ಒಳಗೆ ಬನ್ನಿ. ಸಭೆ ಕರೆದಿದ್ದು ಹೆಣ್ಣುಮಕ್ಕಳಾದರೂ ಇವತ್ತಿನ ಮಾತು ಎಲ್ಲರದ್ದೂ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಡಾಕ್ಟರೂ ಅಲ್ಲ, ಸಿಸ್ಟರೂ ಅಲ್ಲ. ಅದಕ್ಕೇ ಈ ವಿಷಯ ನನಗೆ ಕೊಟ್ಟಿದ್ದಾರೆ ಅಂತ ಕಾಣುತ್ತದೆ.

ಎಲ್ಲರೂ ನೋಡಿರುವ ಒಂದು ವಸ್ತುವಿನಿಂದ ಶುರು ಮಾಡುತ್ತೇನೆ. ಸಲೈನ್ ಬಾಟಲಿ. ನಮ್ಮ ಕಲಬುರಗಿ ಸೀಮೆಯಲ್ಲಿ ಜ್ವರ ಅಂದರೆ ಸೂಜಿ, ಸುಸ್ತು ಅಂದರೆ ಸಲೈನ್. ದವಾಖಾನಿಗೆ ಹೋಗಿ ಬರೀ ಗುಳಿಗೆ ತಂದರೆ "ಆ ಡಾಕ್ಟರ್ ಏನೂ ಮಾಡಲೇ ಇಲ್ಲ" ಅಂತ ಬೇಜಾರು. ಅದಕ್ಕೇ ಆರ್‌ಎಂಪಿ, ಅಂದರೆ ಡಾಕ್ಟರ್ ಓದು ಓದದೆ ಊರಲ್ಲೇ ಸೂಜಿ ಹಾಕುವವನ ಹತ್ತಿರ ಹೋಗುತ್ತೇವೆ. ಆತ ಬೈಯುವುದಿಲ್ಲ, ಸಾಲ ಇಟ್ಟುಕೊಳ್ಳುತ್ತಾನೆ, ಕೇಳಿದ ತಕ್ಷಣ ಬಾಟಲಿ ನೇತು ಹಾಕುತ್ತಾನೆ. ಆ ಬಾಟಲಿಯ ಮೇಲಿನ ಚೀಟಿಯನ್ನು ಯಾರಾದರೂ ಓದಿದ್ದೀರಾ? 'ಎನ್‌ಎಸ್' ಅಂತ ಇದ್ದರೆ 500 ಎಂಎಲ್ ನೀರಿನಲ್ಲಿ ನಾಲ್ಕೂವರೆ ಗ್ರಾಂ ಉಪ್ಪು ಇರುತ್ತದೆ. 'ಡಿ 5' ಅಂತ ಇದ್ದರೆ 25 ಗ್ರಾಂ ಸಕ್ಕರೆ, ಅಂದರೆ ಚಹಾ ಚಮಚದಲ್ಲಿ ಐದಾರು ಚಮಚ. ಅದಕ್ಕೆ ಒಂದು ದಿನದ ಕೂಲಿಯೂ ಹೋಯಿತು, ಕೈಯಿಂದ ದುಡ್ಡೂ ಹೋಯಿತು.

ವಾಂತಿ ನಿಲ್ಲದವರಿಗೆ, ಪ್ರಜ್ಞೆ ಇಲ್ಲದವರಿಗೆ, ಗುಟುಕು ನೀರೂ ಇಳಿಯದವರಿಗೆ ಸಲೈನ್ ಜೀವ ಉಳಿಸುತ್ತದೆ. ಅದನ್ನು ಹಾಕಬೇಕಾದ್ದು ಆಸ್ಪತ್ರೆಯಲ್ಲಿ. ಬಾಯಿಂದ ಕುಡಿಯಬಲ್ಲವರಿಗೆ ಓಆರ್‌ಎಸ್ ಸಾಕು. ದೊಡ್ಡ ಪ್ಯಾಕೆಟ್ ಒಂದನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಒಂದು ಗ್ಲಾಸಿಗೆ ಸ್ವಲ್ಪ ಉದುರಿಸಿ ಉಳಿದದ್ದನ್ನು ಮಡಚಿಡುವುದಲ್ಲ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿಬಿಡಿ. ಮಗುವಿಗೆ ಭೇದಿ ಆಗಿದ್ದರೆ ಜೊತೆಗೆ ಜಿಂಕ್ ಗುಳಿಗೆ, 14 ದಿನ. ಭೇದಿ ನಿಂತರೂ 14 ದಿನ ಕೊಡಬೇಕು. ಇವೆರಡೂ ಆಶಾ ಅಕ್ಕನ ಚೀಲದಲ್ಲಿವೆ, ಪುಕ್ಕಟೆ. ಡಾಕ್ಟರ್ ಚೀಟಿ ಬೇಕಿಲ್ಲ.

ನಾನು ಡಾಕ್ಟರ್ ಬೇಡ ಅಂತ ಹೇಳಲು ಬಂದಿಲ್ಲ. ನಮಗೆ ಬೇಕಾದ ಎಷ್ಟೋ ಸೇವೆಗಳಿಗೆ ಡಾಕ್ಟರ್ ಮೊದಲ ಬಾಗಿಲಲ್ಲ, ಎರಡನೆಯದೋ ಮೂರನೆಯದೋ ಬಾಗಿಲು. ಮೊದಲನೆಯದು ನಮ್ಮ ಓಣಿಯಲ್ಲೇ ಇರುತ್ತದೆ. ಅದನ್ನು ದಾಟಿ ಕಲಬುರಗಿಗೋ ಸೊಲ್ಲಾಪುರಕ್ಕೋ ಬಸ್ ಹತ್ತುತ್ತೇವೆ.

ಆದರೆ ಯಾವ ಬಾಗಿಲನ್ನೂ ನೋಡುತ್ತಾ ನಿಲ್ಲಬಾರದ ಹೊತ್ತು ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎದೆ ಹಿಂಡಿದಂತೆ ನೋವು, ಬೆವರು. ಬಾಯಿ ಸೊಟ್ಟಗಾಗಿ ಒಂದು ಕೈ ಎತ್ತಲು ಬಾರದಿರುವುದು. ಉಸಿರು ಕಟ್ಟುವುದು. ಬಸುರಿಗೆ ರಕ್ತ ಹೋಗುವುದು, ಅಥವಾ ತಲೆ ಸಿಡಿದು ಕಣ್ಣು ಮಂಜಾಗುವುದು. ಹೊಲಕ್ಕೆ ಹೊಡೆಯುವ ಎಣ್ಣೆ ಹೊಟ್ಟೆಗೆ ಹೋಗುವುದು. ಹಾಲು ಕುಡಿಯದೆ ಮಂಕಾದ ಕೂಸು. ಹಾವು ಕಡಿತ. ಇವಕ್ಕೆ ಆಶಾ ಅಕ್ಕನೂ ಬೇಡ, ಆರ್‌ಎಂಪಿಯೂ ಬೇಡ. ನೇರ 108. ನಮ್ಮ ರಾಜ್ಯದಲ್ಲಿ ಅದು 2008ರಿಂದ ಇದೆ, ಆದರೂ ಗಾಡಿ ಬಾಡಿಗೆಗೆ ಯಾರನ್ನು ಕೇಳಲಿ ಅಂತ ಅರ್ಧ ಗಂಟೆ ಓಣಿಯಲ್ಲಿ ತಿರುಗುವವರು ಇದ್ದಾರೆ.

ಹಾವಿನ ಮಾತು ಬಂದಾಗ ಹಿಂದಿನ ಸಾಲಿನಲ್ಲಿದ್ದ ಕಾಕಾ ಒಬ್ಬರು ಕೈ ಎತ್ತಿದರು. "ಬೇವಿನ ತಪ್ಪಲ ತಿನ್ನಿಸಿ ನೋಡಬೇಕಲ್ಲವಾ? ಕಹಿ ಹತ್ತಿದರೆ ವಿಷ ಏರಿಲ್ಲ ಅಂತ." ಬೇಡ ಕಾಕಾ. ಬೇವು, ಮೆಣಸಿನಕಾಯಿ, ಮಂತ್ರ, ಬಿಗಿದು ಕಟ್ಟುವ ಹಗ್ಗ, ಬ್ಲೇಡ್, ಯಾವುದೂ ಬೇಡ. ಕೈ ಕಾಲು ಅಲುಗಾಡಿಸದೆ ಮಲಗಿಸಿ ಕರೆದುಕೊಂಡು ಹೋಗಿ. ಹಾವಿನ ವಿಷಕ್ಕೆ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಲೇಬೇಕು. ಎದೆನೋವಿಗೂ ಇದೇ ಮಾತು. ಕಲಬುರಗಿಯಲ್ಲಿ ಜಯದೇವ ಹೃದಯದ ಆಸ್ಪತ್ರೆ ಇದೆ ಅಂತ ಹತ್ತಿರದ ತಾಲ್ಲೂಕು ಆಸ್ಪತ್ರೆ ದಾಟಿ 40 ಕಿಲೋಮೀಟರ್ ಓಡಬೇಡಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಂದಿದೆ. ಅಲ್ಲೇ ಇಸಿಜಿ ತೆಗೆದು, ಹೃದಯಾಘಾತ ಅಂತ ಗೊತ್ತಾದರೆ ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸುತ್ತಾರೆ. ಹೊರಗೆ ಆ ಇಂಜೆಕ್ಷನ್‌ಗೆ ಹತ್ತಾರು ಸಾವಿರ ರೂಪಾಯಿ. ಅಲ್ಲಿ ಉಚಿತ.

ಈಗ ಓಣಿಯ ಬಾಗಿಲಿಗೆ ಬರೋಣ. ಆಶಾ ಹುದ್ದೆ ಹುಟ್ಟಿದ್ದು 2005ರಲ್ಲಿ, ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. ಸುಮಾರು 1000 ಜನಕ್ಕೆ ಒಬ್ಬರು. ಚೀಲದಲ್ಲಿ ಓಆರ್‌ಎಸ್, ಜಿಂಕ್, ಪ್ಯಾರಾಸಿಟಮಾಲ್, ಕಬ್ಬಿಣಾಂಶದ ಗುಳಿಗೆ, ಬಸಿರು ನಿಂತಿದೆಯಾ ಅಂತ ನೋಡುವ ಕಿಟ್, ನಿರೋಧ್, ಬಸಿರು ತಡೆಯುವ ಮಾಲಾ ಗುಳಿಗೆ ಇರುತ್ತವೆ. ಬಸಿರು ಗೊತ್ತಾದ ಕೂಡಲೇ ತಾಯಿ ಕಾರ್ಡ್ ಮಾಡಿಸುವುದು ಅವರ ಮೂಲಕವೇ. ಇಷ್ಟೆಲ್ಲ ಮಾಡಿಸಿಕೊಂಡು ಅವರಿಗೆ ಕೊಡುತ್ತಿದ್ದದ್ದು ಎಷ್ಟು ಅಂತ ನಾನು ಹೇಳಬೇಕಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ಕೊಡುತ್ತೇವೆ ಅಂತ ಸರ್ಕಾರ ಒಪ್ಪಿತು. ರಾತ್ರಿ ಹೆರಿಗೆ ನೋವು ಬಂದರೆ ಬಾಗಿಲು ಬಡಿಯುವುದು ಅವರದ್ದನ್ನೇ. ಮರೆಯಬೇಡಿ.

ಎರಡನೆಯದು ಆರೋಗ್ಯ ಉಪಕೇಂದ್ರ. ಸುಮಾರು 5000 ಜನಕ್ಕೆ ಒಂದು. ಈಗ ಬೋರ್ಡಿನ ಮೇಲೆ 'ಆಯುಷ್ಮಾನ್ ಆರೋಗ್ಯ ಮಂದಿರ' ಅಂತ ಬರೆದಿರುತ್ತಾರೆ. ಮಂದಿರ ಅಂತ ಓದಿ ಗುಡಿ ಅಂದುಕೊಂಡವರೂ ಇದ್ದಾರೆ, ನಗಬೇಡಿ. ಅಲ್ಲಿ ಸಿಎಚ್‌ಓ ಅಂತ ಒಬ್ಬರು ಇರುತ್ತಾರೆ, ಸಮುದಾಯ ಆರೋಗ್ಯ ಅಧಿಕಾರಿ. ಹೆಚ್ಚಿನವರು ನರ್ಸಿಂಗ್ ಓದಿ ತರಬೇತಿ ಪಡೆದವರು. 30 ದಾಟಿದ ಯಾರೇ ಹೋಗಿ "ನನ್ನ ಬಿಪಿ, ಶುಗರ್ ನೋಡಿ" ಅಂದರೆ ನೋಡಬೇಕು. ಕಾಯಿಲೆ ಇರಬೇಕು ಅಂತಿಲ್ಲ, ಯಾರೂ ಕಳಿಸಬೇಕು ಅಂತಿಲ್ಲ. ಬಾಯಿ, ಸ್ತನ, ಗರ್ಭಕೋಶದ ಬಾಯಿ, ಈ ಮೂರರ ಕ್ಯಾನ್ಸರ್ ತಪಾಸಣೆಯೂ ಅದೇ ಪಟ್ಟಿಯಲ್ಲಿದೆ.

ಬಿಪಿ ನೋಡಿಸುವಾಗ ಒಂದು ಮಾತು. ಬಿಸಿಲಲ್ಲಿ ನಡೆದು ಹೋಗಿ ತಕ್ಷಣ ಕೈ ಚಾಚಬೇಡಿ. ಐದು ನಿಮಿಷ ಬೆನ್ನು ಆನಿಸಿ ಸುಮ್ನೆ ಕೂತಿರಿ. ಅರ್ಧ ಗಂಟೆ ಮುಂಚೆ ಚಹಾ, ತಂಬಾಕು ಬೇಡ. ಸೀರೆ ಸೆರಗಿನ ಮೇಲೆ ಪಟ್ಟಿ ಸುತ್ತಲು ಬಿಡಬೇಡಿ. ಮೇಲಿನ ಅಂಕಿ 140, ಕೆಳಗಿನ ಅಂಕಿ 90, ಇದು ಗೆರೆ. ಇನ್ನೊಂದು ದಿನ ನೋಡಿದಾಗಲೂ ಈ ಗೆರೆ ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ಕಳಿಸುತ್ತಾರೆ, ಇಲ್ಲವೇ ಅಲ್ಲಿಂದಲೇ ಇ-ಸಂಜೀವಿನಿ ಅಂತ ಫೋನ್ ಪರದೆಯಲ್ಲಿ ಡಾಕ್ಟರ್ ಜೊತೆ ಮಾತಾಡಿಸುತ್ತಾರೆ. ಗುಳಿಗೆ ಶುರು ಮಾಡುವುದು ಡಾಕ್ಟರೇ. ಆಮೇಲೆ ತಿಂಗಳು ತಿಂಗಳಿನ ಗುಳಿಗೆಯನ್ನು ಉಪಕೇಂದ್ರದಲ್ಲೇ ಪಡೆಯಬಹುದು. ತಿಂಗಳಿಗೊಮ್ಮೆ ಗುಳಿಗೆಗಾಗಿ ಬಸ್ ಹತ್ತುವುದು ತಪ್ಪುತ್ತದೆ.

ಬಾಯಿಯ ತಪಾಸಣೆ ಏನು ಅಂತ ತೋರಿಸಲು ಸಭೆಯಲ್ಲೇ ಒಂದು ಕೆಲಸ ಮಾಡಿಸಿದೆ. ತೋರುಬೆರಳು, ನಡುಬೆರಳು, ಉಂಗುರಬೆರಳು, ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹಿಡಿಸಿ ಅಂದೆ. ಅವ್ವಂದಿರು ನಾಚಿ ಸೆರಗು ಮುಚ್ಚಿಕೊಂಡು ಮಾಡಿದರು. ಎಲ್ಲರೂ ನಗುತ್ತಿದ್ದರು. ಕಾಲೇಜು ಓದುವ ವಯಸ್ಸಿನ ಒಬ್ಬ ಹುಡುಗನಿಗೆ ಎರಡೇ ಬೆರಳು ಹಿಡಿದವು. ಮತ್ತೆ ಪ್ರಯತ್ನ ಮಾಡಿದ, ಆಗಲಿಲ್ಲ. ಅವನ ಅಂಗಿ ಜೇಬಿನಲ್ಲಿ ಗುಟ್ಕಾ ಚೀಟಿ ಕಾಣುತ್ತಿತ್ತು. ನಗು ನಿಂತಿತು. ತಮ್ಮಾ, ಹೆದರಬೇಡ. ಗುಟ್ಕಾ, ಅಡಿಕೆ ತಿಂದು ಕೆನ್ನೆಯ ಒಳಚರ್ಮ ಗಟ್ಟಿಯಾದರೆ ಬಾಯಿ ಹೀಗೆ ಕಿರಿದಾಗುತ್ತದೆ. ಇದೇ ಕ್ಯಾನ್ಸರ್ ಅಲ್ಲ, ಆದರೆ ಆ ದಾರಿ. ಇವತ್ತೇ ಗುಟ್ಕಾ ಬಿಡು, ಈ ವಾರವೇ ಸಿಎಚ್‌ಓ ಹತ್ತಿರ ಹೋಗು. ಮಶೇರಿ, ಅಂದರೆ ಹುರಿದ ತಂಬಾಕಿನ ಪುಡಿ, ಹಲ್ಲಿಗೆ ಉಜ್ಜುವ ಅವ್ವಂದಿರಿಗೂ ಇದೇ ಮಾತು. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತೋರಿಸಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿಗೇ ಹೋಗಬೇಕು ಅಂತಿಲ್ಲ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕ ಕಲಬುರಗಿಯಲ್ಲೇ ಇದೆ.

ಇಲ್ಲಿ ಒಬ್ಬ ಅಕ್ಕ ನೇರವಾಗಿ ಕೇಳಿದರು. "ನೀವು ಹೇಳೋದೆಲ್ಲ ಚಂದ. ನಮ್ಮೂರ ಉಪಕೇಂದ್ರಕ್ಕೆ ಯಾವಾಗ ಹೋದರೂ ಬೀಗ. ಯಾರನ್ನು ಕೇಳೋಣ?"

ಬೀಗದ ಮಾತು ಸುಳ್ಳಲ್ಲ. ಕೆಲವು ಕಡೆ ಹುದ್ದೆ ಖಾಲಿ, ಕೆಲವು ಕಡೆ ಸಿಸ್ಟರ್ ಮನೆ ಭೇಟಿಗೆ, ಲಸಿಕೆಗೆ, ಮೀಟಿಂಗಿಗೆ ಹೋಗಿರುತ್ತಾರೆ, ಇನ್ನು ಕೆಲವು ಕಡೆ ಸುಮ್ನೆ ಬೀಗ. ಮೊದಲು ಯಾವ ದಿನ, ಯಾವ ಹೊತ್ತಿಗೆ ಇರುತ್ತಾರೆ ಅಂತ ಆಶಾ ಅಕ್ಕನನ್ನು ಕೇಳಿಕೊಂಡು ಹೋಗಿ. ಆದರೂ ಬೀಗವೇ ಇದ್ದರೆ 104ಕ್ಕೆ ಫೋನ್ ಮಾಡಿ. ಅದು ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಸಲಹೆಯನ್ನೂ ಕೊಡುತ್ತಾರೆ, ದೂರನ್ನೂ ಬರೆದುಕೊಳ್ಳುತ್ತಾರೆ. ದೂರಿನ ನಂಬರ್ ಕೇಳಿ ಇಟ್ಟುಕೊಳ್ಳಿ. ಇನ್ನೊಂದು ದಾರಿ ಗ್ರಾಮ ಸಭೆ. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಇರಬೇಕು. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಅದಕ್ಕೆ. ಅದರ ಸದಸ್ಯರು ಯಾರು, ಮೀಟಿಂಗ್ ಯಾವಾಗ ಆಯಿತು ಅಂತ ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿ. ಒಬ್ಬರೇ ಕೇಳಿದರೆ ಜಗಳಗಂಟಿ ಅನ್ನುತ್ತಾರೆ. ಸಂಘದವರೆಲ್ಲ ಸೇರಿ ಕೇಳಿ.

ಮೂರನೆಯದು ಅಂಗನವಾಡಿ. ಅದನ್ನು ನಾವು ಮೊಟ್ಟೆ ಕೊಡುವ ಜಾಗ ಅಂತಷ್ಟೇ ನೋಡುತ್ತೇವೆ. ಟೀಚರ್ ಹತ್ತಿರ ಒಂದು ಬಣ್ಣದ ಟೇಪು ಇರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳಿನ ನಡುವೆ ಅದನ್ನು ಸುತ್ತಿದರೆ ಹಸಿರು, ಹಳದಿ, ಕೆಂಪು, ಯಾವುದಾದರೂ ಒಂದು ಬಣ್ಣ ಬರುತ್ತದೆ. ಹನ್ನೆರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಹಳದಿ. ಹನ್ನೊಂದೂವರೆಗಿಂತ ಕಡಿಮೆ ಇದ್ದರೆ ಕೆಂಪು. ಕೆಂಪು ಬಂದರೆ ಅಂಗನವಾಡಿ ಟೀಚರ್ ಅಥವಾ ಆಶಾ ಬರೆದುಕೊಟ್ಟರೆ ಸಾಕು, ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ನೇರ ಹೋಗಬಹುದು. ಸಾಮಾನ್ಯವಾಗಿ 14 ದಿನ ಇಟ್ಟುಕೊಳ್ಳುತ್ತಾರೆ. ತಾಯಿಗೂ ಊಟ, ಕಳೆದ ಕೂಲಿಗೆ ಒಂದಿಷ್ಟು ಪರಿಹಾರ. ಆದರೂ ತಾಯಂದಿರು ಯಾಕೆ ಹೋಗುವುದಿಲ್ಲ ಅಂತ ಅಧಿಕಾರಿಗಳು ಕೇಳುತ್ತಾರೆ. ಮನೆಯಲ್ಲಿ ಉಳಿದ ಎರಡು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಅದಕ್ಕೆ ಉತ್ತರ ಯೋಜನೆಯಲ್ಲಿಲ್ಲ. ಅತ್ತೆ, ನಾದಿನಿ, ಪಕ್ಕದ ಮನೆಯವರು, ಮುಖ್ಯವಾಗಿ ಗಂಡ, ಆ 14 ದಿನ ಹೊಣೆ ಹೊತ್ತರೆ ಆ ಮಗು ಉಳಿಯುತ್ತದೆ. ಗಂಡಸರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ. ದುಡಿಯಲು ಹೋಗಿ ಪುಣೆಯ ಕೋಣೆಗಳಲ್ಲಿ ಇದ್ದಾಗ ಮಾಡಿಕೊಳ್ಳುತ್ತೀರಲ್ಲ?

ಲಸಿಕೆಗೆ ಗುರುವಾರ, ಅದು ನಿಮಗೆ ಗೊತ್ತು. ಮಾತು ತಡವಾದ, ಕುತ್ತಿಗೆ ನಿಲ್ಲದ, ಕಿವಿ ಕೇಳದ ಮಕ್ಕಳಿಗೆ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಆರೋಗ್ಯ ತಂಡ ಬಂದಾಗ ಮಗುವನ್ನು ಮನೆಯಲ್ಲಿ ಮುಚ್ಚಿಡಬೇಡಿ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದ" ಅಂತ ಕಾಯುತ್ತಾ ಕೂತರೆ ಆ ಮಗುವಿನ ಒಳ್ಳೆಯ ವರ್ಷಗಳು ಹೋಗುತ್ತವೆ.

ಇಲ್ಲಿಯವರೆಗೆ ಹತ್ತಿರದ ಬಾಗಿಲುಗಳ ಮಾತು. ಆದರೆ ಹತ್ತಿರ ಇರುವುದೇ ಕೆಲವು ಸಲ ತೊಂದರೆ, ಅಲ್ವಾ? ಆಶಾ ಅಕ್ಕ ನಿಮ್ಮ ಓರಗಿತ್ತಿಯ ತಂಗಿ ಇರಬಹುದು. ಸಿಸ್ಟರ್ ನಿಮ್ಮ ಗಂಡನ ಗೆಳೆಯನ ಹೆಂಡತಿ ಇರಬಹುದು. ಬಿಳಿ ಮುಟ್ಟು, ಗುಪ್ತ ಜಾಗದ ಹುಣ್ಣು, ಗಂಡ ಬೇರೆ ಊರಿಂದ ಬಂದ ಮೇಲೆ ಹುಟ್ಟಿದ ಸಂಶಯ, ಮದುವೆಯಾಗದ ಹುಡುಗಿಯ ತಪ್ಪಿದ ಮುಟ್ಟು, ಇವನ್ನು ಓಣಿಯಲ್ಲಿ ಹೇಳುವುದು ಹೇಗೆ? ಹೇಳಬೇಡಿ. ಅದಕ್ಕೆ ಬೇರೆ ಬಾಗಿಲುಗಳಿವೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಐಸಿಟಿಸಿ ಅಂತ ಒಂದು ಕೋಣೆ ಇರುತ್ತದೆ, ಎಚ್‌ಐವಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಅದೇ ನಾನು ಕೂತಿದ್ದ ಕೋಣೆ. ಅಲ್ಲಿಗೆ ಡಾಕ್ಟರ್ ಕಳಿಸಬೇಕು ಅಂತಿಲ್ಲ. ನೀವೇ ನೇರ ಬಂದು ಕೂರಬಹುದು. ಮೊದಲು ಮಾತು, ಆಮೇಲೆ ಪರೀಕ್ಷೆ. ನೀವು ಒಪ್ಪದೆ ರಕ್ತ ತೆಗೆಯುವಂತಿಲ್ಲ. ಫಲಿತಾಂಶ ಸಾಮಾನ್ಯವಾಗಿ ಅದೇ ದಿನ ಬರುತ್ತದೆ. ಅದನ್ನು ನಿಮಗೇ ಹೇಳುತ್ತಾರೆ, ಜೊತೆಗೆ ಬಂದ ಮಾವನಿಗಲ್ಲ. 2017ರ ಎಚ್‌ಐವಿ ಕಾಯ್ದೆ ಒಪ್ಪಿಗೆ ಮತ್ತು ಗುಟ್ಟು ಎರಡನ್ನೂ ಹಕ್ಕಾಗಿ ಬರೆದಿದೆ. ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಪರಿಚಯದವರು ಕಂಡಾರು ಅಂತ ಅಳುಕಿದರೆ ಪಕ್ಕದ ತಾಲ್ಲೂಕಿಗೆ ಹೋಗಿ. ಅಫಜಲಪುರದವರು ಆಳಂದಕ್ಕೆ ಬಂದರೆ ಯಾರೂ ವಾಪಸ್ ಕಳಿಸುವುದಿಲ್ಲ. ಮೊದಲು ಫೋನಿನಲ್ಲೇ ಕೇಳಬೇಕು ಅಂದರೆ 1097. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಮುಟ್ಟಿನ ನೋವು, ಮೊಡವೆ, ಓದಿನ ಒತ್ತಡ, ಪ್ರೀತಿ, ಏನನ್ನಾದರೂ ಮಾತಾಡಬಹುದು. ಮುಟ್ಟು ತಪ್ಪಿದೆ ಅಂತ ಮೆಡಿಕಲ್ ಶಾಪಿನಲ್ಲಿ ಗುಳಿಗೆ ತಂದು ನುಂಗುವುದು ಮಾತ್ರ ಬೇಡವೇ ಬೇಡ. ಗರ್ಭಪಾತ ಕಾನೂನಿನಲ್ಲಿದೆ, ಅದರಲ್ಲೂ ಗುಟ್ಟು ಕಾಯಬೇಕು ಅಂತಿದೆ. ಆದರೆ ಅದು ಡಾಕ್ಟರ್ ಕೈಯಲ್ಲೇ ಆಗಬೇಕು. ರಕ್ತ ನಿಲ್ಲದೆ ರಾತ್ರಿ ತಂದ ಹುಡುಗಿಯರನ್ನು ನಾನು ನೋಡಿದ್ದೇನೆ.

ಕೆಮ್ಮಿನ ಮಾತು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಮುಂಬೈ, ಪುಣೆ, ಹೈದರಾಬಾದ್‌ಗಳ ಕಟ್ಟಡ ಕೆಲಸದಿಂದ ವಾಪಸ್ ಬಂದವರಲ್ಲಿ ಇದನ್ನು ಜಾಸ್ತಿ ನೋಡುತ್ತಿದ್ದೆ. ಮೆಡಿಕಲ್ ಶಾಪಿನ ಕೆಮ್ಮಿನ ಔಷಧ ಮೂರು ಬಾಟಲಿ ಆದ ಮೇಲೆ ಬರುತ್ತಿದ್ದರು. ಅಷ್ಟು ಕಾಯಬೇಡಿ. ಆಶಾ ಅಥವಾ ಸಿಎಚ್‌ಓ ಹೆಸರು ಬರೆದುಕೊಂಡು ಕಫದ ಡಬ್ಬಿ ಕೊಡುತ್ತಾರೆ. ಡಬ್ಬಿಗೆ ಉಗುಳು ಹಾಕಿದರೆ ಪರೀಕ್ಷೆ ವ್ಯರ್ಥ. ಬೆಳಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಸಲ ಉಸಿರು ಎಳೆದು ಎದೆಯಾಳದಿಂದ ಕೆಮ್ಮಿ ತೆಗೆಯಬೇಕು. ಕ್ಷಯ ಅಂತ ಬಂದರೆ ಔಷಧ ಪುಕ್ಕಟೆ. 2024ರ ನವೆಂಬರ್‌ನಿಂದ ಊಟದ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ಲೆಕ್ಕದಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ, ಮೊದಲು 500 ಇತ್ತು. ಖಾತೆ ನಂಬರ್ ಸರಿ ಕೊಟ್ಟಿದ್ದೀರಾ ನೋಡಿಕೊಳ್ಳಿ. ಎಷ್ಟೋ ಜನರ ದುಡ್ಡು ನಿಂತಿರುವುದು ಅಲ್ಲೇ.

ಮನಸ್ಸಿನ ಕಾಯಿಲೆಗೆ ಬಂದರೆ ನಮ್ಮ ಕಡೆ ಮೊದಲ ಬಾಗಿಲು ಗಾಣಗಾಪುರ, ಇಲ್ಲವೇ ಯಾವುದಾದರೂ ದರ್ಗಾ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನೀವು ಕೇಳುವುದೂ ಇಲ್ಲ. ದರ್ಶನ ಮಾಡಿ ಬನ್ನಿ, ಜೊತೆಗೆ 14416ಕ್ಕೂ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. "ನನಗೆ ನಿದ್ದೆ ಬರುತ್ತಿಲ್ಲ, ಸಾಲ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ" ಅಂದರೆ ಸಾಕು, ಕಾಯಿಲೆಯ ಹೆಸರು ಗೊತ್ತಿರಬೇಕಿಲ್ಲ. ಮನೆಯವರ ಪರವಾಗಿಯೂ ಕೇಳಬಹುದು. ಮುಖ ನೋಡಿ ಮಾತಾಡಬೇಕು ಅಂದರೆ ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ, ಮನೋವೈದ್ಯರು ಬರುತ್ತಾರೆ. ಜೀವ ತೆಗೆದುಕೊಳ್ಳಲು ಹೋಗಿ ಉಳಿದವರನ್ನು ಪೊಲೀಸ್ ಕೇಸಿನ ಭಯಕ್ಕೆ ಬಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಚಿಕಿತ್ಸೆ ಕೊಡಬೇಕು.

"ಕುಡಿತ ಬಿಡಿಸೋಕೆ ಏನಾದರೂ ಪುಡಿ ಇದೆಯಾ?" ಅಂತ ಒಬ್ಬ ತಾಯಿ ಕೇಳಿದರು. ಇಡೀ ಸಭೆಯೇ ಕಾಯುತ್ತಿದ್ದ ಪ್ರಶ್ನೆ ಅದು. ಸಾರಿನಲ್ಲಿ ಕಲಸಿ ಕೊಡುವ ಪುಡಿಗೆ ದುಡ್ಡು ಹಾಕಬೇಡಿ ಅವ್ವಾ. ಗೊತ್ತಿಲ್ಲದೆ ಕೊಟ್ಟ ಔಷಧದ ಮೇಲೆ ಅವರು ಕುಡಿದರೆ ಪ್ರಾಣಕ್ಕೇ ಬರಬಹುದು. 14446 ವ್ಯಸನಮುಕ್ತಿ ಸಹಾಯವಾಣಿ, ಹೆಂಡತಿಯೋ ತಾಯಿಯೋ ಮಾಡಿದರೂ ನಡೆಯುತ್ತದೆ. ಆದರೆ ಇದೊಂದು ಎಚ್ಚರ. ಬೆಳಗ್ಗೆ ಕೈ ನಡುಗುವಷ್ಟು ಕುಡಿಯುವವರು ಆಣೆ ಮಾಡಿ ಒಂದೇ ದಿನಕ್ಕೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ಅಂಥವರಿಗೆ ಬಿಡಿಸುವುದು ಆಸ್ಪತ್ರೆಯಲ್ಲೇ ಆಗಬೇಕು. ಇಲ್ಲಿ ಡಾಕ್ಟರೇ ಮೊದಲ ಬಾಗಿಲು.

ಹೊಡೆತ ತಿಂದ ಹೆಣ್ಣುಮಕ್ಕಳಿಗೆ 181, ಮತ್ತು ಜಿಲ್ಲೆಯ ಸಖಿ ಕೇಂದ್ರ. ಎಫ್‌ಐಆರ್ ಆಗಿರಬೇಕು ಅಂತಿಲ್ಲ, ಗಾಯಕ್ಕೆ ಡಾಕ್ಟರ್ ಸರ್ಟಿಫಿಕೇಟ್ ತಂದು ಬಾ ಅಂತ ಹೇಳುವಂತಿಲ್ಲ. ಚಿಕಿತ್ಸೆ, ಸಮಾಲೋಚನೆ, ಪೊಲೀಸ್, ವಕೀಲರು, ಕೆಲವು ದಿನದ ಆಸರೆ, ಎಲ್ಲವನ್ನೂ ಅಲ್ಲಿಂದಲೇ ಜೋಡಿಸುತ್ತಾರೆ. ತಾಲ್ಲೂಕಿನಲ್ಲೇ ಬೇಕು ಅಂದರೆ ಸಿಡಿಪಿಓ ಕಚೇರಿ. ಅಂಗನವಾಡಿಗಳ ಮೇಲಿನ ಅಧಿಕಾರಿ ಅಂತ ಮಾತ್ರ ನಮಗೆ ಗೊತ್ತು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾ ಅಧಿಕಾರಿಯೂ ಅವರೇ. ದೂರು ಬರೆದು ಕೋರ್ಟಿಗೆ ಕಳಿಸುವುದು ಅವರ ಕೆಲಸ, ಉಪಕಾರ ಅಲ್ಲ.

ಅಂಗವಿಕಲರ ಕಾರ್ಡಿಗೆ ದಲ್ಲಾಳಿಗೆ ದುಡ್ಡು ಕೊಡುವವರು ಇದ್ದಾರೆ. ನಿಮ್ಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬರು ಕೆಲಸ ಮಾಡುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಯುಡಿಐಡಿ, ಅಂದರೆ ಆ ಕಾರ್ಡಿನ ಅರ್ಜಿ ಹಾಕಿಸುವುದು, ಶಿಬಿರ ಯಾವಾಗ ಅಂತ ಹೇಳುವುದು ಅವರ ಕೆಲಸ. ಡಾಕ್ಟರ್ ತಪಾಸಣೆ ಆಮೇಲೆ ಬರುತ್ತದೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ಕಣ್ಣು, ಕಿವಿ, ಕಾಲು ಮಾತ್ರ ಅಂದುಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿಗೆ ಹೋಗುವವರು ಹೊತ್ತು ನೋಡಿಕೊಳ್ಳಿ. ನಮ್ಮ ವಿಭಾಗದಲ್ಲಿ ಬಿಸಿಲಿಗಾಗಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಸಮಯ ಬದಲಿಸುತ್ತಾರೆ. ಊಟ ಮಾಡಿಕೊಂಡು ಹೊರಟರೆ ಸಿಗುವುದು ಬೀಗವೇ.

ಇನ್ನು ಚೀಟಿ ಬೇಕೇ ಬೇಕಾದ ಜಾಗ. ದೊಡ್ಡ ಆಪರೇಷನ್‌ಗೆ ದುಡ್ಡು ಕೊಡುವ ಯೋಜನೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾಗಿದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲೇ, ನೆನಪಿದೆಯಾ? ಈಗ ಇರುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಜನ ಮೊದಲೇ ಹೋಗಿ ಅಡ್ಮಿಟ್ ಆಗಿ, ಬಿಲ್ ಬಂದ ಮೇಲೆ ಕಾರ್ಡ್ ಹಿಡಿದು ಓಡುತ್ತಾರೆ. ಆಗ ಯಾರೂ ಏನೂ ಮಾಡಲಾಗುವುದಿಲ್ಲ. ತುರ್ತು ಸ್ಥಿತಿಯಲ್ಲಿ ಪತ್ರ ಬೇಕಿಲ್ಲ, ಆದರೆ ಸೇರುವಾಗಲೇ ಕಾರ್ಡ್ ತೋರಿಸಿ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರ ಎಲ್ಲಿ ಅಂತ ಕೇಳಿ.

ಕೊನೆಗೆ ಒಬ್ಬ ತಂಗಿ ಕೇಳಿದಳು. ಹಬ್ಬ ಮುಗಿಸಿಕೊಂಡು ಗಂಡನ ಜೊತೆ ಪುಣೆಗೆ ಹೊರಟಿದ್ದಾಳೆ. ಅತ್ತೆಗೆ ಬಿಪಿ, ಮೈದುನನಿಗೆ ಕ್ಷಯದ ಗುಳಿಗೆ ನಡೆದಿದೆ, ಇವಳಿಗೆ ನಾಲ್ಕನೇ ತಿಂಗಳು. "ಅಲ್ಲಿ ನಮ್ಮನ್ನು ಯಾರು ಕೇಳ್ತಾರೆ ಅಕ್ಕಾ?"

ಅತ್ತೆಯ ಗುಳಿಗೆ ಜಾಸ್ತಿ ದಿನಕ್ಕೆ ಕೊಡಲು ಸಿಎಚ್‌ಓ ಅವರನ್ನು ಹೊರಡುವ ಮುಂಚಿನ ವಾರ ಕೇಳು, ಬಸ್ಸಿನ ದಿನ ಅಲ್ಲ. ಗುಳಿಗೆಯ ಹೆಸರು ಬರೆದ ಹಾಳೆಯ ಫೋಟೋ ಫೋನಿನಲ್ಲಿರಲಿ. ಮೈದುನನಿಗೆ ನಿಕ್ಷಯ್ ನಂಬರ್, ಅಂದರೆ ಕ್ಷಯದವರ ಹೆಸರು ದಾಖಲಿಸಿದ ನಂಬರ್ ಕೊಟ್ಟಿರುತ್ತಾರೆ, ಅದು ಇಡೀ ದೇಶದಲ್ಲಿ ನಡೆಯುತ್ತದೆ. ಹೊರಡುವ ವಿಷಯ ಇಲ್ಲಿ ಹೇಳಿದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ವರ್ಗ ಮಾಡುತ್ತಾರೆ. ಒಂದು ದಿನವೂ ಗುಳಿಗೆ ತಪ್ಪಬಾರದು. ನಿನ್ನ ತಾಯಿ ಕಾರ್ಡನ್ನು ಮನೆಯ ಟ್ರಂಕಿನಲ್ಲಿಟ್ಟು ಹೋಗಬೇಡ, ಜೊತೆಗೆ ತೆಗೆದುಕೊಂಡು ಹೋಗು. ಅಲ್ಲಿ ಇಳಿದ ವಾರದೊಳಗೆ ನೀವಿರುವ ಓಣಿಯ ಅಂಗನವಾಡಿ ಎಲ್ಲಿ ಅಂತ ವಿಚಾರಿಸು. ಮರಾಠಿ ಬರದಿದ್ದರೂ ಪರವಾಗಿಲ್ಲ, ಆ ಕಾರ್ಡ್ ತೋರಿಸು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ಅಲ್ಲಿಯೂ ಅದೇ ದಿನ. ಕಬ್ಬಿಣಾಂಶದ ಗುಳಿಗೆ ಚಹಾದ ಜೊತೆ ನುಂಗಬೇಡ. ಮಲ ಕಪ್ಪಾದರೆ ಹೆದರಿ ಬಿಡಬೇಡ, ಅದು ಗುಳಿಗೆಯ ಬಣ್ಣ. ಹೆರಿಗೆಗೆ ಇಲ್ಲಿಗೆ ಬರುವುದಾದರೆ ಕೊನೆಯ ತಿಂಗಳವರೆಗೆ ಕಾಯಬೇಡ. ಏಳು ತುಂಬುತ್ತಲೇ ನಿಮ್ಮ ಆಶಾ ಅಕ್ಕನಿಗೆ ಫೋನ್ ಮಾಡು. ನಂಬರ್ ಇದೆಯಾ ನಿನ್ನ ಹತ್ತಿರ? ಇಲ್ಲವಾ? ನೋಡು, ಅಲ್ಲೇ ಕಂಬದ ಪಕ್ಕ ಕೂತಿದ್ದಾರೆ, ಈಗಲೇ ತಗೋ.